ಹತ್ತು ರೂಪಾಯಿ ಷೇರು, ರಾತ್ರಿಯಿಡೀ ಕಲಿತ ಸಹಿ

ನಮ್ಮ ಮಹಿಳಾ ವೇದಿಕೆಯಲ್ಲಿ ಐಟಿ, ಬ್ಯಾಂಕು, ಲೆಕ್ಕಪತ್ರ, ಕಾನೂನು, ಬೋಧನೆ ಹೀಗೆ ನಾನಾ ಕ್ಷೇತ್ರಗಳ ಸೋದರಿಯರಿದ್ದೇವೆ. ನಮ್ಮ ವಿದ್ಯೆಯಿಂದ ಯಾವುದಾದರೂ ಸೇವಾಸಂಸ್ಥೆಗೆ ಬಿಡುವಿನ ವೇಳೆಯಲ್ಲಿ ನೆರವಾಗಬೇಕು ಎಂಬ ಮಾತು ನಮ್ಮ ನಡುವೆ ಆಗಾಗ ಬರುತ್ತದೆ. ಇದಕ್ಕೀಗ 'ಕನ್ಸಲ್ಟಿಂಗ್' ಎಂಬ ಹೆಸರಿದೆ. ಹೆಸರು ಹೊಸದಾದರೂ ಕೆಲಸ ಹಳೆಯದು. ನಮಗೆ ಅನ್ನ ಕೊಟ್ಟಿರುವ ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ನಗರಗಳಿಗೆ ಇದರಲ್ಲಿ ನೂರು ವರ್ಷಕ್ಕೂ ಮೀರಿದ ಅನುಭವವಿದೆ. ಬಲ್ಲವರ ಸಲಹೆ ಯಾವಾಗ ಜನರ ಕೈಗೆ ಬಲ ಕೊಡುತ್ತದೆ ಎಂಬುದನ್ನು ಆ ಚರಿತ್ರೆಯಿಂದಲೇ ತಿಳಿಯಬಹುದು ಎಂದು ನನಗನ್ನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಅಹಮದಾಬಾದಿನ ಬಟ್ಟೆ ಗಿರಣಿಗಳ ಕಾಲಕ್ಕೆ ಹೋಗೋಣ. 1917ರಲ್ಲಿ ಪ್ಲೇಗ್ ಬಂದಾಗ, ಕಾರ್ಮಿಕರು ಊರು ಬಿಟ್ಟು ಹೋಗದಿರಲೆಂದು ಮಾಲೀಕರು ಕೂಲಿಯ ಜೊತೆಗೆ 'ಪ್ಲೇಗ್ ಬೋನಸ್' ಕೊಟ್ಟರು. ಪಿಡುಗು ಇಳಿದ ಮೇಲೆ ಅದನ್ನು ನಿಲ್ಲಿಸಿದರು. ಅದರ ಬದಲಿಗೆ ನೇಕಾರರು ಶೇ 50ರಷ್ಟು ಹೆಚ್ಚಳ ಕೇಳಿದರೆ, ಮಾಲೀಕರು ಶೇ 20 ಎಂದರು. ಕಾರ್ಮಿಕರ ಪರ ನಿಂತ ಗಾಂಧೀಜಿ ಕೂಡಲೇ ಹೋರಾಟಕ್ಕೆ ಕರೆ ಕೊಡಲಿಲ್ಲ. ಸಂಗಡಿಗರೊಡನೆ ಸಾಮಾನಿನ ಬೆಲೆ, ಕೂಲಿ ದರಗಳನ್ನು ವಿಚಾರಿಸಿ, ನ್ಯಾಯವಾದದ್ದು ಶೇ 35 ಎಂದು ಹೇಳಿದರು. 1918ರ ಮುಷ್ಕರ ನಡೆದದ್ದು ಆ ಲೆಕ್ಕದ ಮೇಲೆ. ಕೊನೆಗೆ ಮಧ್ಯಸ್ಥಗಾರರ ತೀರ್ಪಿನಲ್ಲೂ ಬಂದದ್ದು ಅದೇ ಶೇ 35. ಈ ಹೋರಾಟದಲ್ಲಿ ಕಾರ್ಮಿಕರ ಜೊತೆ ನಿಂತ ಅನಸೂಯಾ ಸಾರಾಭಾಯಿ, ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿಯವರ ಅಕ್ಕ. ತಮ್ಮ ಎದುರು ಪಕ್ಷ, ಅಕ್ಕ ಕಾರ್ಮಿಕರ ಪಕ್ಷ! ಕಾರ್ಮಿಕರು ಅವರನ್ನು 'ಮೋಟಾಬೆನ್', ಅಂದರೆ ದೊಡ್ಡಕ್ಕ ಎಂದು ಕರೆದರು. 1920ರಲ್ಲಿ ಹುಟ್ಟಿದ ಮಜೂರ್ ಮಹಾಜನ ಸಂಘಕ್ಕೆ ಇದೇ ಬುನಾದಿ.

ವಡೋದರಾದ ಕೊಡುಗೆ ಇನ್ನೊಂದು ಬಗೆಯದು. 1897ರಲ್ಲಿ ಸೂರತ್‌ನಲ್ಲಿ ಹುಟ್ಟಿದ ಹಂಸಾ ಮೆಹ್ತಾ, ಬರೋಡಾ ಸಂಸ್ಥಾನದ ದಿವಾನರಾಗಿದ್ದ ಮನುಭಾಯಿ ಮೆಹ್ತಾ ಅವರ ಮಗಳು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದಾಗ ಅವರು, ಘೋಷಣೆಯ ಕರಡಿನಲ್ಲಿದ್ದ 'ಎಲ್ಲ ಪುರುಷರು' ಎಂಬ ಅರ್ಥ ಕೊಡುವ ಪದಕ್ಕೆ ಬದಲಾಗಿ 'ಎಲ್ಲ ಮಾನವರು' ಎಂದಿರಬೇಕೆಂದು ಪಟ್ಟು ಹಿಡಿದರು. 1948ರ ಘೋಷಣೆಯಲ್ಲಿ ನಿಂತದ್ದು ಆ ಪದವೇ. 1949ರಲ್ಲಿ ಅವರು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಅವರ ಅವಧಿಯಲ್ಲೇ ಅಲ್ಲಿ ಸಮಾಜಕಾರ್ಯವೂ ಒಂದು ಓದಿನ ವಿಷಯವಾಗಿ ಬೆಳೆಯಿತು. ಕಾಗದದ ಮೇಲಿನ ಒಂದು ಪದ ಯಾರನ್ನು ಒಳಗೆ ಸೇರಿಸುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಸೂರತ್‌ನಲ್ಲೇ ಬೆಳೆದ ಇನ್ನೊಬ್ಬ ಹುಡುಗಿ ಇಲಾ ಭಟ್. ಜನನ 1933, ತಂದೆ ವಕೀಲರು. ಸೂರತ್‌ನಲ್ಲಿ ಬಿಎ ಮುಗಿಸಿ, ಅಹಮದಾಬಾದಿನಲ್ಲಿ ಕಾನೂನು ಓದಿ, 1955ರಲ್ಲಿ ಮಜೂರ್ ಮಹಾಜನದ ಕಾನೂನು ವಿಭಾಗಕ್ಕೆ ಸೇರಿದರು. 1968ರಲ್ಲಿ ಅದರ ಮಹಿಳಾ ವಿಭಾಗದ ಹೊಣೆ ಅವರ ಹೆಗಲಿಗೆ ಬಂತು. ಗಿರಣಿಯ ಒಳಗೆ ದುಡಿಯುವವರಿಗೆ ಸಂಘವಿತ್ತು, ಕಾನೂನಿತ್ತು. ಗಿರಣಿಯ ಹೊರಗೆ ತಲೆಹೊರೆ ಹೊರುವ, ಕೈಗಾಡಿ ಎಳೆಯುವ, ತರಕಾರಿ ಮಾರುವ, ಬೀಡಿ ಕಟ್ಟುವ ಹೆಂಗಸರಿಗೆ ಏನೂ ಇರಲಿಲ್ಲ.

1971ರಲ್ಲಿ ಬಟ್ಟೆ ಮಾರುಕಟ್ಟೆಯ ತಲೆಹೊರೆ ಹೆಂಗಸರು ಅವರ ಬಳಿ ಬಂದರು. ಇಲಾಬೆನ್ ಅವರು ದುಡಿಯುವ ಜಾಗಕ್ಕೇ ಹೋಗಿ, ಎಷ್ಟು ಹೊರೆ, ಎಷ್ಟು ದೂರ, ಎಷ್ಟು ಕೂಲಿ ಎಂದು ಕೇಳಿ ತಿಳಿದು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಸುಮ್ಮನಿರಲಿಲ್ಲ, ತಾವು ನ್ಯಾಯವಾದ ದರವನ್ನೇ ಕೊಡುತ್ತಿದ್ದೇವೆ ಎಂದು ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಆಗ ಆ ಉತ್ತರವನ್ನೇ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹೆಂಗಸರಿಗೆ ಹಂಚಲಾಯಿತು. ಕೂಲಿ ಕಡಿಮೆ ಕೊಟ್ಟರೆ ಕಾರ್ಡು ತೋರಿಸಿ ಕೇಳಬಹುದಿತ್ತು. ಈ ಉಪಾಯ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಎದುರಾಳಿಯ ಮಾತೇ ಬಡವರ ಕೈಯಲ್ಲಿ ದಾಖಲೆಯಾಯಿತು.

ಆ ವರ್ಷದ ಡಿಸೆಂಬರ್‌ನಲ್ಲಿ ಸ್ವಂತ ದುಡಿಮೆಯ ಮಹಿಳೆಯರ ಸಂಘ 'ಸೇವಾ' ಹುಟ್ಟಿತು. ನೋಂದಣಿಗೆ ಹೋದರೆ ಕಾರ್ಮಿಕ ಇಲಾಖೆ ಒಪ್ಪಲಿಲ್ಲ. ಇವರಿಗೆ ಮಾಲೀಕರೇ ಇಲ್ಲ, ಯಾರ ವಿರುದ್ಧ ಹೋರಾಡುತ್ತಾರೆ ಎಂಬುದು ಅಧಿಕಾರಿಗಳ ಪ್ರಶ್ನೆ. ಸಂಘ ಇರುವುದು ಯಾರದೋ ವಿರುದ್ಧವಾಗಿ ಅಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂಬುದು ಇಲಾಬೆನ್ ಅವರ ವಾದ. 1972ರ ಏಪ್ರಿಲ್ 12ರಂದು ನೋಂದಣಿ ಆಯಿತು. 'ಅಸಂಘಟಿತರು' ಎಂದು ಇಲ್ಲದ್ದರಿಂದ ಗುರುತಿಸುತ್ತಿದ್ದವರನ್ನು 'ಸ್ವಂತ ದುಡಿಮೆಯವರು' ಎಂದು ಇದ್ದದ್ದರಿಂದ ಕರೆಯಲಾಯಿತು. ಹಂಸಾ ಮೆಹ್ತಾ ಅವರ ಪದ ತಿದ್ದುಪಡಿ ನೆನಪಾಗುವುದು ಇಲ್ಲಿ.

ಮುಂದಿನ ಸಮಸ್ಯೆ ಸಾಲದ್ದು. ಬೆಳಗ್ಗೆ ಬಡ್ಡಿಯವನಿಂದ ಹಣ ತಂದು, ಸರಕು ಕೊಂಡು ಮಾರಿ, ಸಂಜೆ ಬಡ್ಡಿ ಸಮೇತ ಕೊಟ್ಟರೆ ಕೈಯಲ್ಲಿ ಉಳಿಯುವುದೇನು? ರಾಷ್ಟ್ರೀಕೃತ ಬ್ಯಾಂಕುಗಳಿಗೆ ಹೋದರೆ, ಕಂಕುಳಲ್ಲಿ ಮಗು, ಮಾಸಿದ ಸೀರೆ, ಹೆಬ್ಬೆಟ್ಟಿನ ಗುರುತು ನೋಡಿ ಸಿಬ್ಬಂದಿ ದೂರ ಇಡುತ್ತಿದ್ದರು. ನಮ್ಮದೇ ಬ್ಯಾಂಕು ಬೇಕು ಎಂಬ ಬೇಡಿಕೆ ಹೆಂಗಸರಿಂದಲೇ ಬಂತು. ಬಡವರ ಬಳಿ ಹಣವೆಲ್ಲಿದೆ ಎಂಬ ಪ್ರಶ್ನೆಗೆ ಅವರ ಉತ್ತರ, ನಾವು ಬಡವರಿರಬಹುದು, ಆದರೆ ಬಹಳ ಮಂದಿ ಇದ್ದೇವೆ ಎಂಬುದು. ಹನಿ ಹನಿ ಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯೂ ಅದೇ ತಾನೇ? 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ 1974ರಲ್ಲಿ ಸಹಕಾರಿ ಬ್ಯಾಂಕು ಕಟ್ಟಿದರು.

ಆಗಲೂ ಅಡ್ಡ ಬಂದದ್ದು ಕಾಗದವೇ. ಸಹಿ ಹಾಕಲು ಬಾರದವರು ಬ್ಯಾಂಕು ನಡೆಸುವುದು ಹೇಗೆ ಎಂದು ನೋಂದಣಿ ಕಚೇರಿ ಕೇಳಿತು. ಪ್ರವರ್ತಕ ಹೆಂಗಸರು ಇಲಾಬೆನ್ ಜೊತೆ ರಾತ್ರಿಯಿಡೀ ಕುಳಿತು ತಮ್ಮ ಹೆಸರು ಬರೆಯಲು ಕಲಿತರು. ಗ್ರಾಹಕರ ಗುರುತಿಗೆ ಇನ್ನೊಂದು ದಾರಿ ಹುಡುಕಿದರು. ಖಾತೆ ಸಂಖ್ಯೆ ಬರೆದ ಹಲಗೆ ಹಿಡಿದು ನಿಂತ ಮಹಿಳೆಯ ಫೋಟೋವನ್ನು ಪಾಸ್‌ಬುಕ್‌ಗೆ ಅಂಟಿಸಿದರು. ಸಾಫ್ಟ್‌ವೇರ್ ಲೋಕದಲ್ಲಿ ನಾವು ಬಳಕೆದಾರರ ಅಗತ್ಯ ಅರಿಯುವುದರ ಬಗ್ಗೆ ದಿನಗಟ್ಟಲೆ ಮೀಟಿಂಗ್ ಮಾಡುತ್ತೇವೆ. ಓದು ಬಾರದವಳನ್ನು ಬದಲಾಯಿಸುವ ಮುನ್ನ ಪಾಸ್‌ಬುಕ್ಕನ್ನೇ ಬದಲಾಯಿಸಿದ ಈ ವಿನ್ಯಾಸಕ್ಕಿಂತ ಒಳ್ಳೆಯ ಪಾಠ ನಾನು ಎಂಟೆಕ್ ತರಗತಿಯಲ್ಲೂ ಕೇಳಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1981ರಲ್ಲಿ. ಗುಜರಾತಿನಲ್ಲಿ ಮೀಸಲಾತಿ ವಿರೋಧಿ ಗಲಭೆಗಳು ನಡೆದಾಗ ಇಲಾಬೆನ್ ದಲಿತರ ಪರ ನಿಂತರು. ಮಾತೃಸಂಸ್ಥೆಯಾದ ಮಜೂರ್ ಮಹಾಜನ 'ಸೇವಾ'ವನ್ನು ಹೊರಹಾಕಿತು. ಆಸರೆ ಕೊಟ್ಟ ದೊಡ್ಡ ಸಂಸ್ಥೆ ಕೈಬಿಟ್ಟರೆ ಎಷ್ಟೋ ಸಂಘಗಳು ಅಲ್ಲಿಗೇ ಮುಗಿಯುತ್ತವೆ. 'ಸೇವಾ' ಉಳಿಯಿತು, ಬೆಳೆಯಿತು. ಸದಸ್ಯತ್ವ, ಷೇರು, ಉಳಿತಾಯ ಎಲ್ಲವೂ ಆ ಹೆಂಗಸರವೇ ಆಗಿದ್ದವು. ಸಲಹೆಗಾರರು ಬಂದು ಹೋಗಬಹುದು, ಹಕ್ಕುಪತ್ರ ಯಾರ ಹೆಸರಲ್ಲಿದೆ ಎಂಬುದೇ ಮುಖ್ಯ.

1995ರಲ್ಲಿ ಅಹಮದಾಬಾದಿನ 'ಪರಿವರ್ತನ್' ಯೋಜನೆಯಲ್ಲೂ ಇದೇ ಸೂತ್ರ ಕಾಣುತ್ತದೆ. ಮೊದಲ ಪ್ರಯೋಗ ಸಂಜಯನಗರದಲ್ಲಿ. ನಲ್ಲಿ, ಒಳಚರಂಡಿ, ಮನೆಗೊಂದು ಶೌಚಾಲಯ, ಗಟ್ಟಿ ರಸ್ತೆಗಾಗಿ ಪ್ರತಿ ಕುಟುಂಬ 2,000 ರೂಪಾಯಿ ಪಾಲು ಹಾಕಬೇಕಿತ್ತು. ಉಳಿದದ್ದು ನಗರಪಾಲಿಕೆ ಮತ್ತು ಉದ್ಯಮದ್ದು. 'ಸಾಥ್' ಸಂಸ್ಥೆ ಜನರನ್ನು ಒಗ್ಗೂಡಿಸಿತು, ಸೇವಾ ಬ್ಯಾಂಕು ಉಳಿತಾಯ, ಸಾಲದ ದಾರಿ ತೋರಿತು. ಹತ್ತು ವರ್ಷ ಎತ್ತಂಗಡಿ ಮಾಡುವುದಿಲ್ಲ ಎಂದು ಪಾಲಿಕೆ ಭರವಸೆ ಕೊಟ್ಟಿತು. ಆ ಭರವಸೆ ಸಿಕ್ಕ ಮೇಲೆ ಜನ ದುಡ್ಡು ಕಟ್ಟಲು ಧೈರ್ಯ ಮಾಡಿದರು. ಮುಂದೆ ಎಲ್ಲ ಬಸ್ತಿಗಳಿಗೂ ಉದ್ಯಮಗಳ ಪಾಲು ಅಷ್ಟೇ ಉತ್ಸಾಹದಿಂದ ಬರಲಿಲ್ಲ ಎಂಬುದೂ ಈ ಕಥೆಯ ಭಾಗವೇ.

ನಮ್ಮ ಕರ್ನಾಟಕದಲ್ಲೂ 1980ರ ದಶಕದಲ್ಲಿ ಮೈರಾಡ ಸಂಸ್ಥೆ, ದೊಡ್ಡ ಸಹಕಾರ ಸಂಘಗಳು ಒಡೆದಾಗ ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳನ್ನು ಗುರುತಿಸಿ ಬೆಳೆಸಿತು. 1987ರಲ್ಲಿ ನಬಾರ್ಡ್ ಆ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಇಂದು ನಮ್ಮ ಊರುಗಳಲ್ಲಿ ಅಮ್ಮಂದಿರು, ಅತ್ತಿಗೆಯರು 'ಸಂಘ' ಎಂದು ಕರೆಯುವ ಸ್ವಸಹಾಯ ಗುಂಪುಗಳ ಬೇರು ಅಲ್ಲಿದೆ.

ಇಲಾಬೆನ್ 2022ರ ನವೆಂಬರ್ 2ರಂದು ತೀರಿಕೊಂಡರು. ಅವರ ಸಂಗಡಿಗರ ಹೋರಾಟದ ಫಲವಾಗಿ 1996ರಲ್ಲಿ ಮನೆಯಲ್ಲೇ ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದ ಬಂತು. 2014ರಲ್ಲಿ ದೇಶದ ಬೀದಿ ವ್ಯಾಪಾರಿಗಳ ಕಾನೂನು ಬಂದದ್ದರ ಹಿಂದೆಯೂ ಆ ಪರಿಶ್ರಮವಿದೆ.

ಈ ವರ್ಷ ನಮ್ಮ ವೇದಿಕೆಯೂ ಒಂದು ಸಂಘಕ್ಕೆ ನೆರವಾಗುವುದಾದರೆ, ನನ್ನದೊಂದು ಸಲಹೆ. ಆ್ಯಪ್ ಮಾಡುವ ಮಾತು ಆಮೇಲೆ ಇರಲಿ. ಮೊದಲ ತಿಂಗಳು ಅವರ ಲೆಕ್ಕದ ಪುಸ್ತಕದ ಪಕ್ಕ ಕುಳಿತು ಕೇಳೋಣ. ಅವರು ಹೇಳಿದ್ದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಬರೆಯೋಣ. ನಾವು ವರ್ಗವಾಗಿ ಬೇರೆ ಊರಿಗೆ ಹೋದ ಮೇಲೂ ಅವರೇ ನಡೆಸಿಕೊಂಡು ಹೋಗುವಂಥದ್ದನ್ನು ಮಾತ್ರ ಮಾಡೋಣ. ಜೊತೆಗೂಡುವ ಸೋದರಿಯರು ದಯವಿಟ್ಟು ಮುಂದಿನ ಸಭೆಯಲ್ಲಿ ಹೆಸರು ಕೊಡಿ.