ಫೆಡರಲ್ ಒನ್: ಮಹಾ ಆರ್ಥಿಕ ಕುಸಿತದ ಕಾಲದ ಅಮೆರಿಕನ್ ಕಲಾಯೋಜನೆ

ಕೆಲಸ ಕಳೆದುಕೊಂಡ ಚಿತ್ರಕಾರರು, ಸಂಗೀತಗಾರರು, ನಟರು ಮತ್ತು ಬರಹಗಾರರಿಗೆ ಸಂಬಳ ಕೊಟ್ಟು ಅವರವರ ಕಸುಬನ್ನೇ ಮಾಡಿಸಲು ಅಮೆರಿಕದ ಒಕ್ಕೂಟ ಸರ್ಕಾರ 1935ರಲ್ಲಿ ಕೈಗೊಂಡ ಯೋಜನೆ. ಪೂರ್ಣ ಹೆಸರು ಫೆಡರಲ್ ಪ್ರಾಜೆಕ್ಟ್ ನಂಬರ್ ಒನ್. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿರುದ್ಯೋಗಿಗಳಿಗಾಗಿ ಸ್ಥಾಪಿಸಿದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್, ಅಂದರೆ ಡಬ್ಲ್ಯುಪಿಎ, ಇದನ್ನು ನಡೆಸುತ್ತಿತ್ತು. ಚಿತ್ರಕಲೆ, ಸಂಗೀತ, ರಂಗಭೂಮಿ, ಬರವಣಿಗೆ, ಐತಿಹಾಸಿಕ ದಾಖಲೆಗಳ ಸಮೀಕ್ಷೆ ಎಂಬ ಐದು ವಿಭಾಗಗಳು ಇದರಲ್ಲಿದ್ದವು. ಯೋಜನೆ ಭರದಿಂದ ಸಾಗಿದ್ದಾಗ ಸುಮಾರು 40,000 ಮಂದಿ ಇದರಿಂದ ಅನ್ನ ಉಂಡರು. ಶಾಲೆ, ಆಸ್ಪತ್ರೆಗಳ ಭಿತ್ತಿಚಿತ್ರಗಳಿಂದಲೇ ಜನ ಆ ಕಾಲವನ್ನು ನೆನೆಯುವುದುಂಟು. ಆದರೆ ಫೆಡರಲ್ ಒನ್‌ನ ನಿಜವಾದ ಸಾಧನೆ ಕಲಾಶಿಕ್ಷಣದಲ್ಲಿತ್ತು. ಬಣ್ಣದ ಕುಂಚವನ್ನೇ ಕಾಣದ ಊರುಗಳಲ್ಲಿ ಅದು ಪುಕ್ಕಟೆ ತರಗತಿಗಳನ್ನು ತೆರೆಯಿತು.

ಹಿನ್ನೆಲೆ

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ವರ್ಗದ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸಂಗೀತಗಾರರ ಕಷ್ಟ ಇನ್ನೂ ಮೊದಲೇ ಶುರುವಾಗಿತ್ತು. 1927ರ ನಂತರ ಟಾಕಿ ಚಿತ್ರಗಳು ಬಂದು, ಮೂಕಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದ ವಾದ್ಯಗೋಷ್ಠಿಗಳನ್ನು ಚಿತ್ರಮಂದಿರಗಳು ಮನೆಗೆ ಕಳಿಸಿದ್ದವು. ಅದರ ಮೇಲೆ ಕುಸಿತದ ಪೆಟ್ಟು ಬಿತ್ತು. ಚಿತ್ರ ಕೊಳ್ಳುವವರು, ನಾಟಕದ ಟಿಕೆಟ್ ಕೊಳ್ಳುವವರು, ಮಕ್ಕಳಿಗೆ ಪಿಯಾನೋ ಪಾಠ ಹೇಳಿಸುವವರು ಕೈ ಬಿಗಿ ಹಿಡಿದರು.

ಚಿತ್ರಕಾರ ಜಾರ್ಜ್ ಬಿಡಲ್ ರೂಸ್‌ವೆಲ್ಟ್ ಅವರ ಶಾಲಾ ದಿನಗಳ ಪರಿಚಿತರು. 1933ರ ಮೇ ತಿಂಗಳಲ್ಲಿ ಅವರು ಅಧ್ಯಕ್ಷರಿಗೆ ಪತ್ರ ಬರೆದು ಮೆಕ್ಸಿಕೋದ ಉದಾಹರಣೆ ಕೊಟ್ಟರು. ಅಲ್ಲಿನ ಸರ್ಕಾರ ತರುಣ ಕಲಾವಿದರಿಗೆ ಕೊಳಾಯಿ ಕೆಲಸದವರಷ್ಟೇ ಕೂಲಿ ಕೊಟ್ಟು ಸರ್ಕಾರಿ ಕಟ್ಟಡಗಳ ಗೋಡೆಗಳ ಮೇಲೆ ಚಿತ್ರ ಬರೆಸಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಖಜಾನೆ ಇಲಾಖೆಯ ಎಡ್ವರ್ಡ್ ಬ್ರೂಸ್ ನೇತೃತ್ವದಲ್ಲಿ ಒಂದು ಪ್ರಾಯೋಗಿಕ ಯೋಜನೆ ಆರಂಭವಾಯಿತು. ಅದು ನಡೆದದ್ದು ಕೆಲವೇ ತಿಂಗಳಾದರೂ ಸುಮಾರು 3,700 ಕಲಾವಿದರಿಗೆ ಕೆಲಸ ಕೊಟ್ಟಿತು. ಸರ್ಕಾರ ಕಲಾವಿದರನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಸಾಧ್ಯ ಎಂಬುದು ಇದರಿಂದ ಖಚಿತವಾಯಿತು.

ಪರಿಹಾರದ ಲೆಕ್ಕದಲ್ಲಿ ಕಲೆ

1935ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸುಮಾರು 488 ಕೋಟಿ ಡಾಲರುಗಳ ಪರಿಹಾರ ನಿಧಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಫೆಡರಲ್ ಒನ್‌ಗೆ ಮೊದಲು ಸಿಕ್ಕದ್ದು 2.7 ಕೋಟಿ ಡಾಲರ್. ಡಬ್ಲ್ಯುಪಿಎ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ ಸಮಾಜಸೇವೆಯ ಕ್ಷೇತ್ರದಿಂದ ಬಂದವರು. ಕಲಾವಿದರಿಗೂ ಎಲ್ಲರಂತೆ ಹೊಟ್ಟೆಯಿದೆ ಎಂಬುದೇ ಅವರ ಮುಖ್ಯ ವಾದವಾಗಿತ್ತು.

ಇದು ಕಲಾಪ್ರೋತ್ಸಾಹದ ಅನುದಾನವಲ್ಲ ಎಂಬುದನ್ನು ಮರೆತರೆ ಯೋಜನೆಯ ಹುಟ್ಟೂ ಅರ್ಥವಾಗುವುದಿಲ್ಲ, ಸಾವೂ ಅರ್ಥವಾಗುವುದಿಲ್ಲ. ನಮ್ಮಲ್ಲಿ ಬರಗಾಲದಲ್ಲಿ ಕೆರೆ ಹೂಳೆತ್ತಿಸಿ ಕೂಲಿ ಕೊಡುತ್ತಿದ್ದಂಥ ಕಾಮಗಾರಿಯ ಜಾತಿಗೆ ಸೇರಿದ್ದು ಇದು. ಕೆಲಸ ಬೇಕಾದ ಕಲಾವಿದ ಮೊದಲು ಪರಿಹಾರ ಕಚೇರಿಗೆ ಹೋಗಿ, ತನಗೆ ಬೇರೆ ಆದಾಯವಿಲ್ಲ ಎಂದು ತೋರಿಸಿ ಬಡವರ ಪಟ್ಟಿಯಲ್ಲಿ ಹೆಸರು ಬರೆಸಬೇಕಿತ್ತು. ಸಿಬ್ಬಂದಿಯಲ್ಲಿ ಬಹುಪಾಲು ಆ ಪಟ್ಟಿಯಿಂದಲೇ ಬರಬೇಕೆಂಬುದು ನಿಯಮ. ಮೇಲ್ವಿಚಾರಣೆ ಮುಂತಾದ ಕೆಲಸಗಳಿಗೆ ಮಾತ್ರ ಒಂದಿಷ್ಟು ಮಂದಿಯನ್ನು ಹೊರಗಿನಿಂದ ತೆಗೆದುಕೊಳ್ಳಬಹುದಿತ್ತು. ನ್ಯೂಯಾರ್ಕಿನಲ್ಲಿ ಚಿತ್ರಕಾರರಿಗೆ ವಾರಕ್ಕೆ 23.86 ಡಾಲರ್ ಸಿಗುತ್ತಿತ್ತು.

ಬಡತನದ ಪ್ರಮಾಣ ಮಾಡುವುದು ಅನೇಕರಿಗೆ ಅವಮಾನವೆನಿಸಿತು. ಆದರೂ ಈ ಏರ್ಪಾಡಿನಿಂದ ಒಂದು ಒಳ್ಳೆಯದಾಯಿತು. ದೊಡ್ಡ ಕಲಾವಿದ, ಸಣ್ಣ ಕಲಾವಿದ ಎಂದು ಸೋಸುವ ಕೆಲಸ ಸರ್ಕಾರಕ್ಕೆ ಬೀಳಲಿಲ್ಲ. ಮುಂದೆ ಜಗತ್ಪ್ರಸಿದ್ಧರಾದ ಜಾಕ್ಸನ್ ಪೊಲಾಕ್, ಮಾರ್ಕ್ ರಾತ್ಕೊ, ಲೀ ಕ್ರಾಸ್ನರ್ ಮತ್ತು ಎಂದೂ ಹೆಸರಾಗದ ಸಾವಿರಾರು ಮಂದಿ ಒಂದೇ ಸಂಬಳಪಟ್ಟಿಯಲ್ಲಿದ್ದರು. ಹೀಗೆ ಸೇರಿದ ಜನರಿಗೆಲ್ಲ ತಕ್ಕ ಕೆಲಸ ಹುಡುಕುವಾಗ ಪಾಠ ಹೇಳಿಸುವುದು ಸಹಜವಾದ ದಾರಿಯಾಯಿತು.

ಸಮುದಾಯ ಕಲಾಕೇಂದ್ರಗಳು

ಚಿತ್ರಕಲಾ ವಿಭಾಗದ ನಿರ್ದೇಶಕ ಹೋಲ್ಗರ್ ಕೇಹಿಲ್ ಮೇಲೆ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರ ಪ್ರಭಾವ ದಟ್ಟವಾಗಿತ್ತು. ಒಬ್ಬಿಬ್ಬರು ಪ್ರತಿಭಾವಂತರಿಂದ ನಾಡಿನ ಕಲೆ ಬದುಕುವುದಿಲ್ಲ, ಅದಕ್ಕೆ ಜನರ ನಡುವೆ ವಿಶಾಲವಾದ ತಳಹದಿ ಬೇಕು ಎಂಬುದು ಕೇಹಿಲ್ ಅವರ ನಿಲುವು. ಆಗ ಅಮೆರಿಕದ ವಸ್ತುಸಂಗ್ರಹಾಲಯಗಳೂ ಕಲಾಶಾಲೆಗಳೂ ಬಹುಮಟ್ಟಿಗೆ ಪೂರ್ವ ಕರಾವಳಿಯಲ್ಲಿ ಮತ್ತು ಕೆಲವು ದೊಡ್ಡ ನಗರಗಳಲ್ಲಿ ಗುಂಪುಗೂಡಿದ್ದವು. ದಕ್ಷಿಣದ, ಪಶ್ಚಿಮದ ರಾಜ್ಯಗಳಲ್ಲಿ ಕಲಾಕೇಂದ್ರ ತೆರೆಯುವ ಕೆಲಸಕ್ಕೆ ವಿಭಾಗ ಕೈ ಹಾಕಿತು. ಮೊದಲನೆಯದು ನಾರ್ತ್ ಕೆರೊಲಿನಾದ ರಾಲಿಯಲ್ಲಿ 1935ರ ಕೊನೆಯಲ್ಲಿ ತೆರೆಯಿತು. ಮುಂದಿನ ವರ್ಷಗಳಲ್ಲಿ ಇಂಥ ಕೇಂದ್ರಗಳು ನೂರನ್ನು ದಾಟಿದವು.

ಖರ್ಚನ್ನು ಹಂಚಿಕೊಂಡ ರೀತಿ ಸರಳವಾಗಿತ್ತು. ಕಟ್ಟಡ, ಬಾಡಿಗೆ, ದೀಪ, ಚಳಿಗಾಲದಲ್ಲಿ ಬಿಸಿಗೆ ಬೇಕಾದ ಇಂಧನ ಊರಿನವರ ಹೊಣೆ. ಶಿಕ್ಷಕರ ಸಂಬಳ ಒಕ್ಕೂಟ ಸರ್ಕಾರದ್ದು. ಖಾಲಿ ಬಿದ್ದ ಅಂಗಡಿ, ಹಳೆಯ ಕಚೇರಿಗಳೇ ತರಗತಿಗಳಾದವು. ಸಂಚಾರಿ ಪ್ರದರ್ಶನಗಳು ಒಂದು ಊರಿಂದ ಇನ್ನೊಂದಕ್ಕೆ ಸಾಗಿದವು. ಆದರೆ ದಕ್ಷಿಣದಲ್ಲಿ ವರ್ಣಭೇದದ ಕಟ್ಟುಪಾಡು ಇಲ್ಲೂ ಮುಂದುವರಿಯಿತು. ಕಪ್ಪುಜನರನ್ನು ಮುಖ್ಯ ಕೇಂದ್ರಕ್ಕೆ ಬಿಡದೆ ಬೇರೆ ಶಾಖೆಗಳಿಗೆ ಕಳಿಸಲಾಗುತ್ತಿತ್ತು. ಎಲ್ಲರ ಕಲೆ ಎಂದು ಸಾರಿದ ಯೋಜನೆಗೆ ಇದು ದೊಡ್ಡ ಕಳಂಕ.

ನ್ಯೂಯಾರ್ಕಿನ ಹಾರ್ಲೆಮ್ ಸಮುದಾಯ ಕಲಾಕೇಂದ್ರ 1937ರ ಡಿಸೆಂಬರ್‌ನಲ್ಲಿ ಲೆನಾಕ್ಸ್ ಅವೆನ್ಯೂದಲ್ಲಿ ತೆರೆಯಿತು. ಉದ್ಘಾಟನೆಗೆ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬಂದಿದ್ದರು. ಮೊದಲ ನಿರ್ದೇಶಕಿ ಕಪ್ಪುಜನಾಂಗದ ಶಿಲ್ಪಿ ಅಗಸ್ಟಾ ಸ್ಯಾವೇಜ್. ಅದಕ್ಕೂ ಮೊದಲು ತಮ್ಮ ಸ್ವಂತ ಸ್ಟುಡಿಯೋದಲ್ಲಿ ಅವರು ಓಣಿಯ ಮಕ್ಕಳಿಗೆ ಕಲಿಸುತ್ತಿದ್ದರು. ಕೇಂದ್ರದಲ್ಲಿ ರೇಖಾಚಿತ್ರ, ವರ್ಣಚಿತ್ರ, ಶಿಲ್ಪ, ನೇಯ್ಗೆ, ಛಾಯಾಗ್ರಹಣ, ಮುದ್ರಣಕಲೆಗಳನ್ನು ಹಿರಿಯರಿಗೂ ಕಿರಿಯರಿಗೂ ಕಲಿಸಲಾಗುತ್ತಿತ್ತು. ಸುಮಾರು 1,500 ಮಂದಿ ವಿದ್ಯಾರ್ಥಿಗಳಾಗಿ ಸೇರಿದರು.

ಜೇಕಬ್ ಲಾರೆನ್ಸ್ ಹದಿಮೂರರ ವಯಸ್ಸಿಗೆ ಹಾರ್ಲೆಮ್‌ಗೆ ಬಂದ ಹುಡುಗ. ಶಾಲೆ ಬಿಟ್ಟ ಮೇಲೆ ನಡೆಯುವ ತರಗತಿಗಳಲ್ಲಿ ಚಾರ್ಲ್ಸ್ ಆಲ್ಸ್ಟನ್ ಎಂಬ ಚಿತ್ರಕಾರರಿಂದ ಕಲಿತ. ಸ್ಯಾವೇಜ್ ಅವನನ್ನು ಡಬ್ಲ್ಯುಪಿಎ ಕಚೇರಿಗೆ ಕರೆದೊಯ್ದಾಗ, ಇಪ್ಪತ್ತೊಂದು ತುಂಬಿಲ್ಲವೆಂದು ಅಲ್ಲಿನವರು ವಾಪಸು ಕಳಿಸಿದರು. ಹುಡುಗ ಆ ವಿಷಯ ಮರೆತೇಬಿಟ್ಟಿದ್ದ, ಸ್ಯಾವೇಜ್ ಮರೆತಿರಲಿಲ್ಲ. ವಯಸ್ಸು ತುಂಬುತ್ತಲೇ ಮತ್ತೆ ಕರೆದುಕೊಂಡು ಹೋಗಿ 1938ರಲ್ಲಿ ಸಂಬಳಪಟ್ಟಿಗೆ ಸೇರಿಸಿದರು. ಅವರು ಹಾಗೆ ಪಟ್ಟು ಹಿಡಿಯದಿದ್ದರೆ ತಾನು ಚಿತ್ರಕಾರನೇ ಆಗುತ್ತಿರಲಿಲ್ಲ ಎಂದು ಲಾರೆನ್ಸ್ ಮುಂದೆ ಹೇಳಿದ್ದಾರೆ. ದಕ್ಷಿಣದಿಂದ ಉತ್ತರದ ನಗರಗಳಿಗೆ ಕಪ್ಪುಜನರು ಗುಳೆ ಹೊರಟ ಕಥೆಯನ್ನು ಅವರು 1941ರಲ್ಲಿ 60 ಫಲಕಗಳಲ್ಲಿ ಚಿತ್ರಿಸಿ ಮುಗಿಸಿದರು. ಅದರಲ್ಲಿ ಅರ್ಧ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಉಳಿದರ್ಧ ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹದಲ್ಲೂ ಇದೆ.

ಗುರುವಿನ ಪಾಲಿಗೆ ಬಂದದ್ದು ಬೇರೆ. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಶಿಲ್ಪ ಮಾಡಲು ಸ್ಯಾವೇಜ್ ರಜೆ ಪಡೆದರು. ಮರಳಿ ಬರುವ ಹೊತ್ತಿಗೆ ನಿರ್ದೇಶಕಿಯ ಜಾಗ ಅವರಿಗೆ ಉಳಿದಿರಲಿಲ್ಲ. ಹಾಡುವ ಮಕ್ಕಳನ್ನೇ ತಂತಿಗಳಾಗಿ ನಿಲ್ಲಿಸಿದ, ಹಾರ್ಪ್ ವಾದ್ಯದ ಆಕಾರದ ಆ ಎತ್ತರದ ಪ್ಲಾಸ್ಟರ್ ಶಿಲ್ಪವನ್ನು ಲೋಹದಲ್ಲಿ ಎರಕ ಹೊಯ್ಯಿಸಲು ಹಣ ಸಿಗದೆ, ಮೇಳ ಮುಗಿದ ಮೇಲೆ ಒಡೆದುಹಾಕಲಾಯಿತು.

ಇತರ ವಿಭಾಗಗಳು

ನಿಕೊಲಾಯ್ ಸೊಕೊಲಾಫ್ ನಡೆಸಿದ ಸಂಗೀತ ವಿಭಾಗ ವಾದ್ಯವೃಂದಗಳ ಜೊತೆಗೆ, ಖಾಸಗಿ ಪಾಠಕ್ಕೆ ದುಡ್ಡಿಲ್ಲದವರಿಗೆ ಗುಂಪು ತರಗತಿಗಳನ್ನೂ ನಡೆಸಿತು. ಹೆನ್ರಿ ಆಲ್ಸ್‌ಬರ್ಗ್ ಅವರ ಬರಹಗಾರರ ವಿಭಾಗ ಪ್ರತಿ ರಾಜ್ಯಕ್ಕೂ ಒಂದು ಮಾರ್ಗದರ್ಶಿ ಗ್ರಂಥ ಹೊರತಂದಿತು. ಗುಲಾಮರಾಗಿ ಬಾಳಿದ್ದ ವೃದ್ಧರನ್ನು ಮನೆಮನೆಗೆ ಹೋಗಿ ಮಾತನಾಡಿಸಿ 2,300ಕ್ಕೂ ಹೆಚ್ಚು ಆತ್ಮಕಥನಗಳನ್ನು ಬರೆದುಕೊಂಡಿತು. ಇನ್ನೊಂದು ದಶಕ ತಡವಾಗಿದ್ದರೆ ಆ ಮಾತುಗಳಲ್ಲಿ ಬಹುಪಾಲು ಸಿಗುತ್ತಲೇ ಇರಲಿಲ್ಲ.

ರಂಗಭೂಮಿ ವಿಭಾಗಕ್ಕೆ ಹ್ಯಾಲಿ ಫ್ಲಾನಗನ್ ಮುಖ್ಯಸ್ಥೆ. ತೀರ ಕಡಿಮೆ ದರದಲ್ಲಿ, ಬಹಳ ಕಡೆ ಪುಕ್ಕಟೆಯಾಗಿ, ನಾಟಕ ಆಡಿಸಿದ ಈ ವಿಭಾಗ ಅಷ್ಟೇ ವಿರೋಧವನ್ನೂ ಕಟ್ಟಿಕೊಂಡಿತು. ಸಂಪೂರ್ಣ ಕಪ್ಪು ನಟವರ್ಗದೊಂದಿಗೆ ಆರ್ಸನ್ ವೆಲ್ಸ್ ನಿರ್ದೇಶಿಸಿದ ಮ್ಯಾಕ್‌ಬೆತ್ 1936ರಲ್ಲಿ ಹಾರ್ಲೆಮ್‌ನಲ್ಲಿ ರಂಗಕ್ಕೇರಿತು. ಬಾಡಿಗೆ ಮನೆ, ಕೃಷಿ, ವಿದ್ಯುತ್ತಿನಂಥ ವಿಷಯಗಳನ್ನು ಪತ್ರಿಕೆಯಂತೆ ರಂಗದ ಮೇಲೆ ಓದಿಸುವ ನಾಟಕಗಳು ಕಾಂಗ್ರೆಸ್ಸಿನ ಹಲವು ಸದಸ್ಯರ ಕಣ್ಣು ಕೆಂಪಾಗಿಸಿದವು.

ಕಡಿತ ಮತ್ತು ಅಂತ್ಯ

ಆರ್ಥಿಕತೆ ತುಸು ಚೇತರಿಸಿತೆಂದು ನಂಬಿ, ಆಯವ್ಯಯ ಸರಿದೂಗಿಸುವ ಉದ್ದೇಶದಿಂದ ರೂಸ್‌ವೆಲ್ಟ್ 1937ರಲ್ಲಿ ಪರಿಹಾರ ಖರ್ಚನ್ನು ಇಳಿಸಿದರು. ಕಲಾ ವಿಭಾಗಗಳಿಂದ ಸಾವಿರಾರು ಮಂದಿ ಹೊರಬಿದ್ದರು. ಆ ಜೂನ್‌ನಲ್ಲಿ ಹೊಸ ನಾಟಕಗಳ ಆರಂಭವನ್ನೇ ತಡೆಯಲಾಯಿತು. ಉಕ್ಕು ಕಾರ್ಮಿಕರ ಹೋರಾಟವನ್ನು ಹೇಳುವ ಮಾರ್ಕ್ ಬ್ಲಿಟ್ಸ್‌ಸ್ಟೀನ್ ಅವರ ಸಂಗೀತ ನಾಟಕ ‘ದ ಕ್ರೇಡಲ್ ವಿಲ್ ರಾಕ್’ಗೆ ರಂಗಮಂದಿರದ ಬಾಗಿಲು ಮುಚ್ಚಿತು. ತಂಡವೂ ಪ್ರೇಕ್ಷಕರೂ ಬೀದಿಯಲ್ಲಿ ನಡೆದು ಇನ್ನೊಂದು ಮಂದಿರ ಸೇರಿದರು. ನಟರ ಸಂಘದ ನಿಯಮದಂತೆ ನಟರು ರಂಗವೇರುವಂತಿರಲಿಲ್ಲ. ಬ್ಲಿಟ್ಸ್‌ಸ್ಟೀನ್ ಒಬ್ಬರೇ ಮೇಲೆ ಪಿಯಾನೋ ನುಡಿಸಿದರೆ, ನಟರು ಪ್ರೇಕ್ಷಕರ ನಡುವಿನಿಂದ ಎದ್ದು ನಿಂತು ತಮ್ಮ ಪಾತ್ರಗಳನ್ನು ಹಾಡಿದರು. ಆ ವರ್ಷವೇ ದೇಶ ಮತ್ತೆ ಹಿಂಜರಿತಕ್ಕೆ ಜಾರಿತು. ಖರ್ಚಿನ ಕಡಿತವೂ ಅದಕ್ಕೊಂದು ಕಾರಣವೆಂದು ಬಹಳಷ್ಟು ಅರ್ಥಶಾಸ್ತ್ರಜ್ಞರ ಮತ.

1938ರಲ್ಲಿ ಮಾರ್ಟಿನ್ ಡೈಸ್ ಅಧ್ಯಕ್ಷತೆಯ ಕಾಂಗ್ರೆಸ್ ಸಮಿತಿ ರಂಗಭೂಮಿ ವಿಭಾಗದಲ್ಲಿ ಕಮ್ಯುನಿಸ್ಟರಿದ್ದಾರೆಂದು ವಿಚಾರಣೆ ನಡೆಸಿತು. ಹದಿನಾರನೆಯ ಶತಮಾನದ ನಾಟಕಕಾರ ಕ್ರಿಸ್ಟೋಫರ್ ಮಾರ್ಲೊ ಕಮ್ಯುನಿಸ್ಟನೇ ಎಂದು ಸದಸ್ಯರೊಬ್ಬರು ಫ್ಲಾನಗನ್ ಅವರನ್ನು ಕೇಳಿದ್ದು ಕಡತದಲ್ಲಿದೆ. ಅದೇ ವರ್ಷ ಕಲೆಗೆ ಶಾಶ್ವತ ಇಲಾಖೆ ಕಟ್ಟುವ, ಕಾಫಿ ಮತ್ತು ಪೆಪ್ಪರ್ ಎಂಬ ಸದಸ್ಯರಿಬ್ಬರ ಮಸೂದೆ ಬಿದ್ದುಹೋಯಿತು. 1939ರ ಜೂನ್ 30ಕ್ಕೆ ರಂಗಭೂಮಿ ವಿಭಾಗ ಮುಚ್ಚಿತು. ಉಳಿದವು ರಾಜ್ಯಗಳ ಕೈಗೆ ಹೋದವು. ವೆಚ್ಚದ ಕಾಲುಭಾಗವನ್ನು ಸ್ಥಳೀಯರೇ ಭರಿಸಬೇಕು, ಹದಿನೆಂಟು ತಿಂಗಳು ಸತತ ದುಡಿದವರನ್ನು ಕೆಲಸದಿಂದ ಬಿಡಿಸಬೇಕು ಎಂಬ ಹೊಸ ನಿಯಮಗಳು ಬಂದವು. ಅನುಭವಿ ಶಿಕ್ಷಕರನ್ನು ಹೀಗೆ ಗಡುವಿಟ್ಟು ಹೊರಹಾಕಿದ್ದು, ಬಡ ಊರುಗಳಿಂದ ಹಣ ಕೇಳಿದ್ದು ಕಲಾಕೇಂದ್ರಗಳ ಬೇರಿಗೇ ಬಿದ್ದ ಪೆಟ್ಟು. ಯುದ್ಧ ಬಂದು ನಿರುದ್ಯೋಗ ಕರಗಿದ ಮೇಲೆ ಪರಿಹಾರದ ನೆವವೂ ಉಳಿಯಲಿಲ್ಲ. 1943ರಲ್ಲಿ ಎಲ್ಲವೂ ಮುಗಿಯಿತು. ನ್ಯೂಯಾರ್ಕಿನಲ್ಲಿ ರಾಶಿ ಬಿದ್ದಿದ್ದ ಕ್ಯಾನ್ವಾಸುಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಲಾಯಿತು.

ಉಳಿದದ್ದು

ಷಿಕಾಗೋದಲ್ಲಿ 1940ರಲ್ಲಿ ತೆರೆದ ಸೌತ್ ಸೈಡ್ ಸಮುದಾಯ ಕಲಾಕೇಂದ್ರ ಇಂದಿಗೂ ನಡೆಯುತ್ತಿದೆ. ಮಿನಿಯಾಪೊಲಿಸ್‌ನ ವಾಕರ್ ಕಲಾಕೇಂದ್ರಕ್ಕೆ ಈಗಿನ ರೂಪ ಬಂದದ್ದೂ ಅದೇ ವರ್ಷ, ಈ ಯೋಜನೆಯ ನೆರವಿನಿಂದ. ಚಿತ್ರಕಲಾ ವಿಭಾಗ ಬರೆಸಿದ ಜನಪದ ವಸ್ತುಗಳ ಸುಮಾರು 18,000 ಜಲವರ್ಣ ಚಿತ್ರಗಳು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲೂ, ಗುಲಾಮರ ಆತ್ಮಕಥನಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲೂ ಇವೆ. 1965ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದ ಆರ್ಟ್ಸ್ ಅನುದಾನ ಕೊಡುತ್ತದೆಯೇ ಹೊರತು ಕಲಾವಿದರನ್ನು ಸಂಬಳಕ್ಕೆ ನೇಮಿಸುವುದಿಲ್ಲ. ಫೆಡರಲ್ ಒನ್ ಸರ್ಕಾರಿ ಸಂಸ್ಥೆಗಳಿಗೂ ಶಾಲೆಗಳಿಗೂ ಎರವಲು ಕೊಟ್ಟಿದ್ದ ಚಿತ್ರಗಳು ಕಾನೂನಿನ ಪ್ರಕಾರ ಇಂದಿಗೂ ಒಕ್ಕೂಟ ಸರ್ಕಾರದ ಆಸ್ತಿ. ಅಂಥವು ಖಾಸಗಿ ಹರಾಜಿನಲ್ಲಿ ಕಾಣಿಸಿಕೊಂಡರೆ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ಅವುಗಳನ್ನು ಮರಳಿ ಪಡೆಯಲು ಮುಂದಾಗುತ್ತದೆ.