ಬೆಳಕಿನ ಮಗ್ಗ

ತೇರದಾಳ, ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳದೆ ಬೆಳೆದವರು ಕಡಿಮೆ. ಹಾಸು, ಹೊಕ್ಕು ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ರಟ್ಟಿನ ಪಟ್ಟಿ ಇರುತ್ತದೆ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. 1804ರ ಸುಮಾರಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಈ ಯುಕ್ತಿ ಗಣಕಯಂತ್ರದ ಪೂರ್ವಜ ಎಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಅದೇ ಯುಕ್ತಿ 1985ರಲ್ಲಿ ಬೆಳಕಿನ ಎದುರು ಬಂದು ನಿಂತ ಕಥೆ ಹೆಚ್ಚು ಜನರಿಗೆ ಗೊತ್ತಿಲ್ಲ.

ಇಂದು ಮೊಬೈಲಿನಲ್ಲಿ ನಮ್ಮ ಮಾತನ್ನು ಅಕ್ಷರಕ್ಕೆ ಇಳಿಸುವ ತಂತ್ರದ ಹಿಂದೆ ಇರುವುದು ನರಜಾಲ. ಅದರ ಲೆಕ್ಕ ಎಂಟನೆಯ ತರಗತಿಯ ಮಟ್ಟದ್ದು: ಬಂದ ಸಂಖ್ಯೆಗಳನ್ನು ಗುಣಿಸು, ಕೂಡಿಸು, ಮೊತ್ತ ಒಂದು ಮಿತಿ ದಾಟಿದರೆ ಮುಂದಕ್ಕೆ ಕಳಿಸು. ಆದರೆ ಇದನ್ನು ಕೋಟಿಗಟ್ಟಲೆ ಸಲ ಮಾಡಬೇಕು, ವಿದ್ಯುತ್ತು ಖರ್ಚಾಗುವುದು ಅಲ್ಲಿಯೇ. ಬೆಳಕಿಗೆ ಈ ಕೆಲಸ ಸಹಜ. ಮಬ್ಬು ಗಾಜಿನ ಮೂಲಕ ಹಾಯ್ದರೆ ಗುಣಾಕಾರ, ಎರಡು ಕಿರಣ ಒಂದೇ ಕಡೆ ಬಿದ್ದರೆ ಸಂಕಲನ.

1982ರಲ್ಲಿ ಜಾನ್ ಹಾಪ್‌ಫೀಲ್ಡ್ ನೆನಪಿನ ಶಕ್ತಿಯುಳ್ಳ ನರಜಾಲವೊಂದರ ಗಣಿತ ಬರೆದರು. (2024ರ ಭೌತಶಾಸ್ತ್ರ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್ ಅವರಿಗೂ ಬಂತು.) ಮೂರೇ ವರ್ಷದಲ್ಲಿ ಡೆಮೆಟ್ರಿ ಸಾಲ್ಟಿಸ್, ನಬೀಲ್ ಫರ್ಹತ್ ಮತ್ತು ಸಂಗಡಿಗರು ಅದನ್ನು ಅಮೆರಿಕದಲ್ಲಿ ಬೆಳಕಿನಿಂದ ಕಟ್ಟಿದರು. 32 ಎಲ್‌ಇಡಿ ದೀಪಗಳ ಸಾಲು, ಎದುರಿಗೆ ಬೆಳಕು ಬಿಡುವ ಮತ್ತು ತಡೆಯುವ ಚೌಕಗಳ ಪರದೆ, ಅದರಾಚೆ ಬೆಳಕು ಅಳೆಯುವ ಸಂವೇದಕಗಳು. ಬಂದ ಫಲಿತಾಂಶ ಮತ್ತೆ ದೀಪಗಳಿಗೇ ಮರಳುತ್ತಿತ್ತು. ಅರ್ಧಂಬರ್ಧ ನಮೂನೆ ಕೊಟ್ಟರೆ ಯಂತ್ರ ಪೂರ್ತಿ ನಮೂನೆ ನೆನಪಿಸಿಕೊಳ್ಳುತ್ತಿತ್ತು. ಆ ಪರದೆ ನನ್ನ ಕಣ್ಣಿಗೆ ಜಕಾರ್ಡ್ ರಟ್ಟೇ. ಒಂದು ತೊಡಕಿತ್ತು: ಬೆಳಕಿನ ಪ್ರಮಾಣ ಋಣ ಸಂಖ್ಯೆಯಾಗಲಾರದು. ಅದಕ್ಕೆ ಪ್ರತಿ ಸಾಲನ್ನೂ ಎರಡಾಗಿ ಸೀಳಿ, ಒಂದು ಅಧಿಕಕ್ಕೆ, ಒಂದು ಋಣಕ್ಕೆ ಇಟ್ಟು, ಕೊನೆಗೆ ಕಳೆದರು. ನೇಕಾರನಿಗೆ ಹೊಳೆಯಬಹುದಾದ ಉಪಾಯ!

ಆಮೇಲೆ ಸಿಲಿಕಾನ್ ಚಿಪ್‌ಗಳು ವರ್ಷವರ್ಷಕ್ಕೂ ವೇಗ ಪಡೆದವು, ಬೆಳಕಿನ ಯಂತ್ರಗಳನ್ನು ಕೇಳುವವರು ಕಡಿಮೆಯಾದರು.

2017ರಲ್ಲಿ ಎಂಐಟಿಯ ತಂಡವೊಂದು ಲೇಸರ್ ಬೆಳಕನ್ನು ಚಿಪ್‌ನೊಳಗೇ ಹರಿಸಿತು. ಇಲ್ಲಿ ಪರದೆ ಇಲ್ಲ. ಕಿರಣವನ್ನು ಎರಡಾಗಿ ಒಡೆದು, ಒಂದರ ಅಲೆಯನ್ನು ತುಸು ಹಿಂದೆಮುಂದೆ ಸರಿಸಿ ಮತ್ತೆ ಕೂಡಿಸುತ್ತಾರೆ. ಏರು ಏರಿಗೆ ಸೇರಿದರೆ ಬೆಳಕು, ಏರು ಇಳಿತಕ್ಕೆ ಸೇರಿದರೆ ಕತ್ತಲು. ಋಣ ಸಂಖ್ಯೆಯ ತೊಡಕೂ ಇದರಿಂದಲೇ ಕಳೆಯಿತು. ಇಂಥ 56 ವ್ಯತಿಕರಣ ಮಾಪಕಗಳ ಚಿಪ್‌ಗೆ ನಾಲ್ಕು ಸ್ವರಗಳ ಉಚ್ಚಾರ ಗುರುತಿಸುವ ಪರೀಕ್ಷೆ ಕೊಟ್ಟರು. ಅದಕ್ಕೆ ಶೇ. 76.7 ಬಂತು, ಸಾಧಾರಣ ಕಂಪ್ಯೂಟರಿಗೆ 91.7. ಅಂಕಪಟ್ಟಿ ನೋಡಿ ನಗಬಹುದು, ಆದರೆ ಮೊದಲ ಸಲ ಪರೀಕ್ಷೆಗೆ ಕೂತವನ ಅಂಕಗಳವು. ಮರುವರ್ಷ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತ್ರೀಡಿ ಪ್ರಿಂಟರಿನಿಂದ ಅಚ್ಚು ಹಾಕಿದ ಐದು ಹಾಳೆಗಳು ಕೈಬರಹದ ಅಂಕೆಗಳನ್ನು ಗುರುತಿಸಿದವು. ಉಳಿದಿರುವ ದೊಡ್ಡ ಅಡ್ಡಿ ಆ ಮಿತಿಯದು. ಬೆಳಕು ಬೆಳಕನ್ನು ಸುಲಭವಾಗಿ ತಡೆಯುವುದಿಲ್ಲ. ಅದಕ್ಕಾಗಿ ಹಂತಹಂತಕ್ಕೂ ವಿದ್ಯುತ್ತಿಗೆ ಬದಲಿಸಿದರೆ ಉಳಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ.

ಈ ಇತಿಹಾಸದಲ್ಲಿ ನಮ್ಮ ರಾಜ್ಯದ ಒಂದು ಪುಟವಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಂಧು, 22ರ ತರುಣ ಎಸ್. ಪಂಚರತ್ನಂ ಹರಳುಗಳ ಮೂಲಕ ಹಾಯುವ ಬೆಳಕನ್ನು ಅಭ್ಯಾಸ ಮಾಡುತ್ತಿದ್ದರು. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸಿ ಮೊದಲಿನ ಸ್ಥಿತಿಗೇ ತಂದರೂ ಅಲೆ ಮೊದಲಿನ ಹೆಜ್ಜೆಗೆ ಬರುವುದಿಲ್ಲ, ತುಸು ಸರಿದಿರುತ್ತದೆ ಎಂದು 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು. ಹೊರಗಿನವರು ಅದನ್ನು ಹೆಚ್ಚು ಗಮನಿಸಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕಲ್ ಬೆರಿ ಇಂಥದೇ ತತ್ತ್ವವನ್ನು ಕ್ವಾಂಟಂ ಭೌತಶಾಸ್ತ್ರದಲ್ಲಿ ಕಂಡು ಪ್ರಸಿದ್ಧರಾದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಹಳೆಯ ಲೇಖನವನ್ನು 'ಕರೆಂಟ್ ಸೈನ್ಸ್'ನಲ್ಲಿ ಎತ್ತಿ ತೋರಿಸಿದರು. ಬೆರಿಯವರೂ ಮುಕ್ತ ಮನಸ್ಸಿನಿಂದ ಒಪ್ಪಿಕೊಂಡರು. ಪಂಚರತ್ನಂ ಆಗ ಇರಲಿಲ್ಲ. 1969ರಲ್ಲೇ, 35ರ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಿದ್ದರು.

ಇಂದು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಂಬಗಳನ್ನು ಬೇರೆಬೇರೆ ಕೋನಕ್ಕೆ ತಿರುಗಿಸಿ ನಿಲ್ಲಿಸಿದ ತೆಳು ಫಲಕಗಳನ್ನು ಬೆಳಕಿನ ನರಜಾಲಗಳ ಪದರಗಳಾಗಿ ಬಳಸುತ್ತಾರೆ. ಕಂಬದ ಕೋನ ಅಲೆಯನ್ನು ಎಷ್ಟು ಸರಿಸುತ್ತದೆ ಎಂಬ ಲೆಕ್ಕಕ್ಕೆ ಪಂಚರತ್ನಂ–ಬೆರಿ ಎಂದೇ ಹೆಸರು. 1956ರ ಆ ಲೇಖನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಅದರ ಒಂದು ಪ್ರತಿ ಮುದ್ರಿಸಿ ಈ ಸಂಚಿಕೆಯ ಜೊತೆ ಕಳಿಸುತ್ತಿದ್ದೇನೆ.