ಗಾರ್ಡ್ ಇಲ್ಲದ ಯಂತ್ರ

ಹೋದ ವರ್ಷ ಲೆಸ್ಟರಿನ ಹೊರವಲಯದ ಶೆಡ್ಡೊಂದರಿಂದ ನಾನು ಹಳೆಯ ಸ್ಪಿಂಡಲ್ ಮೋಲ್ಡರ್ ಕೊಂಡುತಂದೆ. ಅಮೆರಿಕದವರು ಇದನ್ನೇ ಶೇಪರ್ ಅನ್ನುತ್ತಾರೆ. ಎರಕದ ಕಬ್ಬಿಣದ ದಪ್ಪ ಮೇಜು, ಅದರ ನಡುವಿನ ತೂತಿನಿಂದ ಮೇಲೆದ್ದ ಉಕ್ಕಿನ ದಂಡ. ದಂಡಕ್ಕೆ ಕಟ್ಟರ್ ಬ್ಲಾಕ್ ತೊಡಿಸಿ ತಿರುಗಲು ಬಿಟ್ಟು ಮರವನ್ನು ಅದಕ್ಕೆ ತಾಗಿಸಿ ತಳ್ಳಿದರೆ, ಬಾಗಿಲು ಕಿಟಕಿಗಳ ಅಂಚಿನ ಕೆತ್ತನೆ ಒಂದೇ ಸಮನೆ ಮೂಡುತ್ತ ಹೋಗುತ್ತದೆ. ಫಲಕದಲ್ಲಿ ವಾಡ್ಕಿನ್ ಎಂದಿತ್ತು. 1897ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಕಂಪನಿ ಅದು.

ಮಾರಿದ ಹಿರಿಯರು ಡಬ್ಬಿ ತುಂಬ ಕಟ್ಟರುಗಳನ್ನೂ ಕೊಟ್ಟರು. ಗಾರ್ಡ್ ಎಲ್ಲಿ ಎಂದು ಕೇಳಿದೆ. ‘ನಾನು ತಗೊಂಡಾಗಲೂ ಇರಲಿಲ್ಲ’ ಅಂದರು.

ಉಳಿದ ಬಿಡಿಭಾಗಗಳ ಕಥೆ ಸುಲಭದ್ದು. ಬೇರಿಂಗಿನ ಮೇಲೆ ಕೆತ್ತಿದ ಸಂಖ್ಯೆ ಹೇಳಿದರೆ ಸಾಕು, ಅಂಗಡಿಯವನು ಹೊಸದನ್ನು ಎತ್ತಿಕೊಡುತ್ತಾನೆ. ಬೆಲ್ಟೂ ಹಾಗೆಯೇ. ತಲೆ ತಿಂದದ್ದು ದಂಡದ ಅಳತೆ. ನನ್ನದು ಒಂದೂಕಾಲು ಇಂಚು, ಅಂದರೆ 31.75 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬ್ಲಾಕುಗಳ ತೂತು 30 ಮಿಲಿಮೀಟರ್. ಒಂದು ಮುಕ್ಕಾಲು ಮಿಲಿಮೀಟರಿನ ಈ ಅಂತರದಲ್ಲಿ ಇಂಚಿನ ಕಾಲ ಮುಗಿದು ಮೆಟ್ರಿಕ್ ಕಾಲ ಬಂದ ಚರಿತ್ರೆಯೇ ಇದೆ. ಡಬ್ಬಿಯಲ್ಲಿದ್ದ ಬ್ಲಾಕುಗಳೇನೋ ಸರಿಹೊಂದುತ್ತಿದ್ದವು, ಆದರೆ ಅವು ಬೋಲ್ಟಿನಿಂದ ಬಿಗಿಯುವ ಹಳೆಯ ಚೌಕ ಬ್ಲಾಕುಗಳು. ಬೋಲ್ಟ್ ಸಡಿಲವಾದರೆ ಅಲಗು ಹಾರುತ್ತದೆ. 125 ಮಿಲಿಮೀಟರ್ ಅಗಲದ ಬ್ಲಾಕ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಅವನ್ನು ಕಪಾಟಿನ ಮೇಲಿಟ್ಟೆ.

ಗಾರ್ಡ್ ಹುಡುಕುತ್ತ ನೋಡಿದ ಹಳೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಅದೇ ಇರಲಿಲ್ಲ. ಮೋಟರು, ಚಕ್ರ, ಕಡೆಗೆ ಎಣ್ಣೆಯ ಬಟ್ಟಲೂ ಉಳಿದಿರುತ್ತಿತ್ತು. ಕೆಲಸಕ್ಕೆ ಅಡ್ಡ ಬರುತ್ತದೆಂದು ಯಾರೋ ಬಿಚ್ಚಿ ಮೂಲೆಗಿಟ್ಟಿದ್ದು ಗುಜರಿಗೆ ಹೋಗಿರುತ್ತದೆ. ಇದು ಯಾವಾಗಿನಿಂದ ಹೀಗೆ ಎಂದು ಹಿಂದಕ್ಕೆ ಓದುತ್ತ ಹೋದೆ.

ಮರಗೆಲಸದ ಯಂತ್ರಗಳ ಬಗ್ಗೆ ಓದಿದರೆ ಬೇಗನೆ ಎದುರಾಗುವ ಹೆಸರು ಸ್ಯಾಮ್ಯುಯೆಲ್ ಬೆಂಥಮ್. ತತ್ವಜ್ಞಾನಿ ಜೆರೆಮಿ ಬೆಂಥಮನ ತಮ್ಮ. 1791 ಮತ್ತು 1793ರಲ್ಲಿ ಪಡೆದ ಪೇಟೆಂಟುಗಳಲ್ಲಿ ಆತ ತಿರುಗುವ ಅಲಗಿನಿಂದ ಮರ ಕೊರೆಯುವ, ಹೆರೆಯುವ ವಿಧಾನಗಳನ್ನೆಲ್ಲ ಬರೆದಿಟ್ಟ. ಆ ಯಂತ್ರಗಳನ್ನು ನಡೆಸಬೇಕಾಗಿದ್ದವರು ಬಡಗಿಗಳಲ್ಲ, ಕೈದಿಗಳು. ಅಣ್ಣ ಕಟ್ಟಲು ಹೊರಟಿದ್ದ ಪ್ಯಾನಾಪ್ಟಿಕಾನ್ ಎಂಬ ಸೆರೆಮನೆಯಲ್ಲಿ ಕಸುಬು ಗೊತ್ತಿಲ್ಲದವರಿಂದಲೂ ಕೆಲಸ ತೆಗೆಯಬೇಕಿತ್ತು. ಹಾಗಾಗಿ ಜಾಣ್ಮೆ ಯಂತ್ರದಲ್ಲಿರಬೇಕು, ತಳ್ಳುವ ಕೈ ಯಾರದಾದರೂ ಆದೀತು. ಸೆರೆಮನೆ ಏಳಲೇ ಇಲ್ಲ. ವಿಚಾರ ಮಾತ್ರ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಹೋಯಿತು. ಅಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿ ಹೆನ್ರಿ ಮಾಡ್ಸ್‌ಲಿ ಕಟ್ಟಿದ ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ 1,30,000 ಹಡಗಿನ ರಾಟೆಗಳನ್ನು ತಯಾರಿಸುತ್ತಿದ್ದವು. ಮೊದಲು 110 ಮಂದಿ ನುರಿತವರು ಮಾಡುತ್ತಿದ್ದ ಕೆಲಸವನ್ನು ಈಗ ಹತ್ತು ಮಂದಿ ಸಾಮಾನ್ಯ ಕೂಲಿಗಳು ಮಾಡುತ್ತಿದ್ದರು. ಪುಸ್ತಕಗಳು ಇದನ್ನು ಬೆರಗಿನಿಂದ ಹೇಳುತ್ತವೆ. ಉಳಿದ ನೂರು ಜನ ಏನಾದರೋ ಎಂದು ನನ್ನ ಮನಸ್ಸು ಅಲ್ಲೇ ನಿಂತಿತು, ಬಡಗಿಯ ಮಗನಲ್ಲವೇ.

ತಳ್ಳುವ ಕೈಯ ಬಗ್ಗೆ ಬ್ರಿಟನ್ ಪ್ರತ್ಯೇಕ ನಿಯಮ ಬರೆದದ್ದು 1922ರಲ್ಲಿ. ಸ್ಪಿಂಡಲ್ ಮೋಲ್ಡರಿನ ಕಟ್ಟರಿಗೆ ಕೆಲಸಕ್ಕೆ ತಕ್ಕ ಗಾರ್ಡ್ ಇರಬೇಕು, ಆದರೆ ‘ಸಾಧ್ಯವಿದ್ದಾಗ’. ಗಾರ್ಡುಗಳೆಲ್ಲ ಆ ಒಂದು ಮಾತಿನ ಸಂದಿಯಿಂದಲೇ ನುಸುಳಿ ಹೋದವೋ ಏನೋ.

ಅಪ್ಪನಿಗೆ ಫೋನ್ ಮಾಡಿ ಯಂತ್ರವನ್ನು ಬಣ್ಣಿಸಿದೆ. ಬಾಚಿ, ಉಳಿ, ಉಜ್ಜುಗೊರಡಲ್ಲೇ ಬದುಕು ಕಳೆದವರು. ಎಲ್ಲ ಕೇಳಿಸಿಕೊಂಡು, ‘ಅದೆಲ್ಲ ಸರಿ ಕಣಪ್ಪ, ಮರ ತಳ್ಳುವಾಗ ನಿನ್ನ ಕೈ ಎಲ್ಲಿರುತ್ತೆ?’ ಅಂದರು.

ಹಳೆಯದೇ ಬೇಕೆಂಬ ಹಟ ಅವತ್ತು ಬಿಟ್ಟೆ. ಈಗಿನ ಗಾರ್ಡೊಂದನ್ನು ತರಿಸಿದೆ. ಅದರ ಬೆಲೆ ಯಂತ್ರದ ಬೆಲೆಯ ಅರ್ಧದಷ್ಟಾಯಿತು. ಕಟ್ಟರ್ ಹತ್ತು ಸೆಕೆಂಡಿನೊಳಗೆ ನಿಲ್ಲಬೇಕೆಂದು ಈಗಿನ ಸೂಚನೆ ಇದೆ. ಬ್ರೇಕ್ ಇಲ್ಲದ ನನ್ನದನ್ನು ಬರಿದಂಡದಲ್ಲೇ ಓಡಿಸಿ ಸ್ವಿಚ್ ಆರಿಸಿದೆ, ಗಡಿಯಾರ ಹಿಡಿದು ಎಣಿಸಿದೆ. ನಲವತ್ತೊಂದು ಸೆಕೆಂಡ್. ಬ್ರೇಕ್ ಜೋಡಿಸುವ ಎಲೆಕ್ಟ್ರಿಷಿಯನ್ ಮುಂದಿನ ಮಂಗಳವಾರ ಬರುತ್ತಾನೆ. ಅಲ್ಲಿಯವರೆಗೆ ಮೇನ್ ಫ್ಯೂಸು ನನ್ನ ಜೇಬಿನಲ್ಲಿದೆ.